ಸಿಂಗಪುರಕ್ಕೆ ಸಂಸ್ಕೃತಿಯಿಲ್ಲವೆ?

ಬೆಂಗಳೂರಿನಲ್ಲಿ ವಿಮಾನವನ್ನೇರಿದರೆ ಐದು ಗಂಟೆಗಳೊಳಗೆ ಸಿಂಗಪುರದಲ್ಲಿಳಿಯಬಹುದಾದ ಈ ಕಾಲದಲ್ಲಿ ಆ ಪಟ್ಟಣವನ್ನು ನೋಡಿ ಬಂದವರು ಬೀದಿಗೆ ನಾಲ್ಕು ಮಂದಿ ಸಿಕ್ಕುತ್ತಾರೆ. ಹೋಗಿ ಬಂದವರು ಸುಮ್ಮನಿರುವುದಿಲ್ಲ. ಮದುವೆಯ ಮನೆಯಲ್ಲಿ, ಸಂಘದ ಸಭೆಯಲ್ಲಿ, ಒಮ್ಮೊಮ್ಮೆ ಪತ್ರಿಕೆಗಳಲ್ಲಿಯೂ, ತಾವು ಕಂಡುದರ ಮೇಲೆ ತೀರ್ಪನ್ನು ಕೊಟ್ಟುಬಿಡುತ್ತಾರೆ. ಆ ತೀರ್ಪುಗಳು ಎರಡು ಬಗೆ. “ಅಲ್ಲಿರುವುದೆಲ್ಲವೂ ಕೃತ್ರಿಮ, ಹಣವುಂಟು, ಅಂಗಡಿಗಳುಂಟು, ದೀಪಗಳುಂಟು, ಸಂಸ್ಕೃತಿಯೆಂಬುದು ಮಾತ್ರ ಇಲ್ಲ” ಎಂಬುದು ಒಂದು. “ರಸ್ತೆಯಲ್ಲಿ ಕಾಗದದ ಚೂರಿಲ್ಲ, ನಾಲ್ಕು ಭಾಷೆಯವರು ಜಗಳವಿಲ್ಲದೆ ಬಾಳುತ್ತಾರೆ, ಊರೆಂದರೆ ಹಾಗಿರಬೇಕು” ಎಂಬುದು ಇನ್ನೊಂದು. ಒಂದು ನಿಂದೆ, ಒಂದು ಸ್ತುತಿ. ಆದರೆ ನಿಂದಕರಿಗೂ ಸ್ತಾವಕರಿಗೂ ಆಧಾರವಾದ ಪ್ರಮಾಣವು ಒಂದೇ: ಇಬ್ಬರೂ ಅವೇ ಐದಾರು ಸ್ಥಳಗಳನ್ನು, ಅವೇ ನಾಲ್ಕು ದಿನಗಳಲ್ಲಿ, ಒಂದೇ ಬಗೆಯ ಯಾತ್ರಾಸಂಸ್ಥೆಯ ಮೋಟಾರು ಬಸ್ಸಿನಲ್ಲಿ ಕುಳಿತು ನೋಡಿ ಬಂದವರು.

ಈ ಎರಡು ತೀರ್ಪುಗಳೂ ನಿಲ್ಲತಕ್ಕವಲ್ಲ. ಸುಮಾರು 60 ಲಕ್ಷ ಜನರು ವಾಸಿಸುವ ಆ ದ್ವೀಪಕ್ಕೆ 2019ರಲ್ಲಿ 1 ಕೋಟಿ 91 ಲಕ್ಷ ಮಂದಿ ಹೊರಗಿನಿಂದ ಬಂದುಹೋದರು. 2024ರಲ್ಲಿ 1 ಕೋಟಿ 65 ಲಕ್ಷ. ತನ್ನ ಜನಸಂಖ್ಯೆಯ ಎರಡು ಮೂರು ಮಡಿ ಅತಿಥಿಗಳನ್ನು ವರ್ಷವರ್ಷವೂ ಬರಮಾಡಿಕೊಳ್ಳುವ ಊರು, ಮನೆಯ ಮುಂದೆ ದೊಡ್ಡದೊಂದು ಜಗಲಿಯನ್ನು ಕಟ್ಟಿ, ಬಂದವರನ್ನು ಅಲ್ಲಿಯೇ ಕೂರಿಸಿ, ಪಾನಕ ಕೊಟ್ಟು ಕಳುಹಿಸುವುದು ಆಶ್ಚರ್ಯವಲ್ಲ. ಜಗಲಿಯಲ್ಲಿ ಪಾನಕ ಕುಡಿದು ಎದ್ದವನು ಬೀದಿಗಿಳಿದು “ಈ ಮನೆಯಲ್ಲಿ ದೇವರ ಕೋಣೆಯಿಲ್ಲ” ಎಂದು ಸಾರುವುದು ಆಶ್ಚರ್ಯ. “ಎಂತಹ ಮನೆ! ಒಳಗೆ ಅಳುವವರೇ ಇಲ್ಲ” ಎನ್ನುವುದು ಅದಕ್ಕಿಂತಲೂ ಆಶ್ಚರ್ಯ.

ಜಗಲಿಯ ಮಾತನ್ನು ಮೊದಲು ಮುಗಿಸಬಹುದು. ನಿಂದಕರು ಹೇಳುವುದರಲ್ಲಿ ಇಷ್ಟು ಸತ್ಯವಿದೆ: ಜಗಲಿಯು ಹೊಸದು. ಸಿಂಹದ ತಲೆಯೂ ಮೀನಿನ ಬಾಲವೂ ಉಳ್ಳ ಮೆರ್‌ಲಯನ್ ಎಂಬ ವಿಗ್ರಹವು ಬಾಯಿಂದ ನೀರನ್ನುಗುಳುತ್ತ ನಿಂತಿರುವುದನ್ನು ಕಂಡು, ನಮ್ಮ ದೇವಾಲಯಗಳ ಮಕರಪ್ರಣಾಳವನ್ನು ನೆನೆದು, ಇದು ಆ ನಾಡಿನ ಪುರಾಣದ ಪ್ರಾಣಿಯೆಂದು ಕೈಮುಗಿಯಲು ಹೊರಟ ವೃದ್ಧರೂ ಉಂಟು. ಅದು ಪುರಾಣದ್ದಲ್ಲ. 1964ರಲ್ಲಿ ಅಲ್ಲಿನ ಪ್ರವಾಸ ಮಂಡಲಿಯು ತನ್ನ ಮುದ್ರೆಗಾಗಿ ಬರೆಯಿಸಿಕೊಂಡ ಚಿತ್ರ. 1972ರಲ್ಲಿ ಲಿಮ್ ನಾಂಗ್ ಸೆಂಗ್ ಎಂಬ ಶಿಲ್ಪಿಯು ಅದನ್ನು 8.6 ಮೀಟರು ಎತ್ತರದ ವಿಗ್ರಹವಾಗಿ ಮಾಡಿ ನದಿಯ ಬಾಯಲ್ಲಿ ನಿಲ್ಲಿಸಿದನು. ಮುಂದೆ ಸೇತುವೆಯೊಂದು ಅಡ್ಡ ಬಂದಿತೆಂದು 2002ರಲ್ಲಿ ಅದನ್ನೆತ್ತಿ ಈಗಿನ ಸ್ಥಳದಲ್ಲಿಟ್ಟರು. ಅದೇ 1972ರಲ್ಲಿ, ಇಂಗ್ಲಿಷರ ಕಂಪೆನಿಯ ಪರವಾಗಿ 1819ರಲ್ಲಿ ಬಂದಿಳಿದ ರಾಫಲ್ಸನ ಬಿಳಿಯ ಪ್ರತಿಮೆಯೂ ನದಿಯ ದಡದಲ್ಲಿ ನಿಂತಿತು; ಅದು 1887ರ ಕಂಚಿನ ಪ್ರತಿಮೆಯ ಪ್ರತಿಕೃತಿ. ಮೂರು ಗೋಪುರಗಳ ತಲೆಯ ಮೇಲೆ ಹಡಗನ್ನು ಹೊತ್ತಂತೆ ಕಾಣುವ ಮರೀನಾ ಬೇ ಸ್ಯಾಂಡ್ಸ್ ಎಂಬ ಹೋಟೆಲು 2010ರದು. ಅದರೊಳಗೆ ಜೂಜಿನ ಸಭಾಂಗಣವೂ ಇದೆ. ಉಕ್ಕು ಕಾಂಕ್ರೀಟುಗಳ ಮೈಗೆ ಬಳ್ಳಿಗಳನ್ನು ಹಬ್ಬಿಸಿದ 18 ಮಹಾವೃಕ್ಷಗಳ ತೋಟವು 2012ರದು. ಇವೆಲ್ಲ ಚೆನ್ನಾಗಿಲ್ಲವೆಂದಲ್ಲ. ಚೆನ್ನಾಗಿವೆ.

ಸೆಂತೋಸಾ ದ್ವೀಪದ ವಿಷಯವಾಗಿ ಮಾತ್ರ ಎರಡು ಮಾತು ಹೆಚ್ಚಾಗಿ ಹೇಳಬೇಕು. ಆ ಹೆಸರು ಸಂಸ್ಕೃತದ ‘ಸಂತೋಷ’ವೇ ಎಂದು ತಿಳಿದಾಗ ಕನ್ನಡಿಗರ ಮುಖವರಳುತ್ತದೆ. ಆದರೆ 1970ರ ಸುಮಾರಿನವರೆಗೆ ಆ ದ್ವೀಪದ ಹೆಸರು ಪುಲಾವ್ ಬ್ಲಾಕಾಂಗ್ ಮಾತಿ. ಮಲಯ ಭಾಷೆಯಲ್ಲಿ ‘ಮಾತಿ’ ಎಂದರೆ ಸಾವು. ಬ್ರಿಟಿಷರ ತೋಪುಗಳು ಅಲ್ಲಿದ್ದುವು. 1942ರಲ್ಲಿ ಜಪಾನೀಯರು ಊರನ್ನು ಹಿಡಿದು ಚೀನೀಯರನ್ನು ಹೆಕ್ಕಿ ಹೆಕ್ಕಿ ಕೊಂದಾಗ, ಅನೇಕ ಹೆಣಗಳು ಆ ದ್ವೀಪದ ತೀರಕ್ಕೆ ತೇಲಿ ಬಂದುವು. ಸಾವಿನ ಹೆಸರನ್ನು ತೆಗೆದು ಸಂತೋಷದ ಹೆಸರನ್ನಿಟ್ಟು ಯಂತ್ರದ ಉಯ್ಯಾಲೆಗಳನ್ನು ಕಟ್ಟುವುದು ಅಧಿಕಾರಿಗಳಿಗೆ ಸುಲಭ. ಅಲ್ಲಿಯೂ 37 ಮೀಟರು ಎತ್ತರದ ಮತ್ತೊಂದು ಮೀನುಸಿಂಹವಿತ್ತು. 2019ರಲ್ಲಿ ಅದನ್ನು ಮುಚ್ಚಿ ಕೆಡವಿಸಿದರು. ಇಪ್ಪತ್ತೈದು ವರ್ಷ ಬಾಳದ ದೇವರನ್ನು ನೋಡಿ ಬಂದು, ಆ ಜನಕ್ಕೆ ಪರಂಪರೆಯಿಲ್ಲವೆಂದರೆ, ತಪ್ಪು ಯಾರದು?

ಇನ್ನು ಒಳಮನೆಗೆ ಬರೋಣ. ಮೀನುಸಿಂಹವು ನಿಂತಿರುವೆಡೆಯಿಂದ ಕೆಲವೇ ಹೆಜ್ಜೆಗಳಾಚೆ, ಫುಲರ್ಟನ್ ಎಂಬ ಭವ್ಯವಾದ ಹೋಟೆಲಿದೆ. ಅದು 1928ರ ಕಟ್ಟಡ; ಒಂದು ಕಾಲದಲ್ಲಿ ಅದರಲ್ಲಿ ದೊಡ್ಡ ಅಂಚೆಕಚೇರಿಯಿತ್ತು. ಅದಕ್ಕಿಂತಲೂ ಮೊದಲು ಆ ಸ್ಥಳವು ನದಿಯ ಬಾಯಿಗೆ ಚಾಚಿದ ಕಲ್ಲುಮೂತಿಯಾಗಿತ್ತು. ಅಲ್ಲಿ ಸುಮಾರು ಹತ್ತು ಅಡಿ ಎತ್ತರದ ಒಂದು ಮರಳುಶಿಲೆ. ಅದರ ಮುಖದ ಮೇಲೆ ಸುಮಾರು ಐವತ್ತು ಸಾಲುಗಳ ಶಾಸನ. 1819ರಲ್ಲಿ ಕಾಡು ಕಡಿಯುತ್ತಿದ್ದವರಿಗೆ ಅದು ಕಾಣಿಸಿತು. ಮಲಯರ ಇತಿಹಾಸಗ್ರಂಥದಲ್ಲಿ ಬಡಾಂಗ್ ಎಂಬ ಮಹಾಬಲಶಾಲಿಯ ಕಥೆಯುಂಟು: ಕಳಿಂಗ ದೇಶದಿಂದ ಬಂದ ಮಲ್ಲನನ್ನು ಸೋಲಿಸಲು ಅವನು ಬಂಡೆಯೊಂದನ್ನೆತ್ತಿ ನದಿಯ ಬಾಯಿಗೆಸೆದನಂತೆ. ಈ ಶಿಲೆಯೇ ಆ ಬಂಡೆಯೆಂದು ಹೇಳುವವರುಂಟು. ಕಥೆ ಹೇಗಾದರೂ ಇರಲಿ, ಅಕ್ಷರಗಳು ಕಥೆಯಲ್ಲ. ಅವು ಜಾವಾ ದ್ವೀಪದ ಪ್ರಾಚೀನವಾದ ಕಾವಿ ಲಿಪಿಯವೆಂದು ಬಹುಮಂದಿ ವಿದ್ವಾಂಸರ ಮತ; ಭಾಷೆಯು ಹಳೆಯ ಜಾವಾ ಭಾಷೆಯೋ ಸಂಸ್ಕೃತವೋ ಎಂಬುದು ಇಂದಿಗೂ ನಿರ್ಣಯವಾಗಿಲ್ಲ.

ನಿರ್ಣಯವಾಗದಿರುವುದಕ್ಕೆ ಕಾರಣ ಇಷ್ಟೆ: 1843ರಲ್ಲಿ ಇಂಗ್ಲಿಷ್ ಅಧಿಕಾರಿಗಳು ಕೋಟೆಯ ಕೆಲಸಕ್ಕೂ ನದಿಯ ಬಾಯಿಯನ್ನು ಅಗಲಮಾಡುವುದಕ್ಕೂ ಆ ಶಿಲೆಯನ್ನು ಮದ್ದಿಟ್ಟು ಸಿಡಿಸಿಬಿಟ್ಟರು. ಜೇಮ್ಸ್ ಲೋ ಎಂಬ ಸೈನ್ಯಾಧಿಕಾರಿಯೊಬ್ಬನು ಕೆಲವು ಚೂರುಗಳನ್ನು ಹೆಕ್ಕಿಸಿ ಕಲ್ಕತ್ತೆಗೆ ಕಳುಹಿಸಿದನು. ಅವುಗಳಲ್ಲೊಂದು, ಮೊದಲನೆಯ ಮಹಾಯುದ್ಧವು ಮುಗಿಯುವ ಹೊತ್ತಿಗೆ, ಸಿಂಗಪುರಕ್ಕೆ ಹಿಂದಿರುಗಿತು; ಈಗ ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಊರ ಶಾಸನದ ಕಲ್ಲನ್ನು ಒಗೆಯುವ ಕಲ್ಲಾಗಿ ಮಾಡಿಕೊಂಡ ಗ್ರಾಮಸ್ಥರನ್ನು ಕನ್ನಡ ನಾಡಿನವರೂ ಬಲ್ಲರು. ಆದರೆ ಒಗೆಯುವ ಕಲ್ಲನ್ನು ತಿರುಗಿಸಿದರೆ ಅಕ್ಷರಗಳು ಇನ್ನೂ ಕೆಳಗಿರುತ್ತವೆ. ಮದ್ದಿಗೆ ಆ ದಾಕ್ಷಿಣ್ಯವಿಲ್ಲ.

ಈ ಊರಿನ ಹೆಸರೇ ಸಿಂಹಪುರ. ತೆಮಾಸೆಕ್ ಎಂಬ ದ್ವೀಪದಲ್ಲಿ ಬಂದಿಳಿದ ರಾಜಕುಮಾರನು ಸಿಂಹದಂತಹ ಪ್ರಾಣಿಯನ್ನು ಕಂಡು ಹಾಗೆ ಹೆಸರಿಟ್ಟನೆಂದು ಮಲಯರ ಗ್ರಂಥವೇ ಹೇಳುತ್ತದೆ. ಅವನ ಹೆಸರು ಸಾಂಗ್ ನೀಲ ಉತಾಮ, ‘ನೀಲೋತ್ತಮ’ನ ನೆರಳು ಅದರಲ್ಲಿ ಸ್ಪಷ್ಟವಾಗಿದೆ. ಆ ಕಾಡುಗಳಲ್ಲಿ ಹುಲಿಯಿತ್ತೇ ಹೊರತು ಸಿಂಹವಿರಲಿಲ್ಲ. ಆದರೆ ಸಿಂಹಪುರವೆಂಬ ಹೆಸರು ಕಳಿಂಗದಲ್ಲಿತ್ತು, ಚಂಪಾ ರಾಜ್ಯದಲ್ಲಿತ್ತು, ಸಿಂಹಳದ ಮಹಾವಂಸದಲ್ಲಿಯೂ ಬಂದಿದೆ. ಹೆಸರು ಪ್ರಾಣಿಯಿಂದ ಬಂದುದಲ್ಲ, ಭಾಷೆಯಿಂದ ಬಂದುದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ? ಇಂದಿಗೂ ಮಲಯರು ಭಾಷೆಗೆ ‘ಬಹಾಸ’ ಎನ್ನುತ್ತಾರೆ, ದೇಶಕ್ಕೆ ‘ನೆಗಾರ’ ಎನ್ನುತ್ತಾರೆ, ದನಿಗೆ ‘ಸುವಾರ’ ಎನ್ನುತ್ತಾರೆ, ಉಪಾಧ್ಯಾಯರಿಗೆ ‘ಗುರು’ ಎನ್ನುತ್ತಾರೆ. ಸಂಸ್ಕೃತಿಯಿಲ್ಲವೆಂದು ಸಾರುವವರು, ವಿಮಾನದ ಚೀಟಿಯ ಮೇಲೆ ಅಚ್ಚಾದ ಆ ಊರಿನ ಹೆಸರನ್ನಾದರೂ ಒಮ್ಮೆ ಓದಬಾರದಾಗಿತ್ತೆ?

ಇದಕ್ಕೆ ಪೂರ್ವಪಕ್ಷಿಗಳು ಸ್ಥಾಲೀಪುಲಾಕನ್ಯಾಯವನ್ನು ಮುಂದಿಡುತ್ತಾರೆ: “ಅನ್ನ ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ಒಂದಗುಳು ಸಾಕು, ನಾಲ್ಕು ದಿನ ನೋಡಿದರೆ ಊರು ತಿಳಿಯುವುದಿಲ್ಲವೆ?” ತಿಳಿಯುತ್ತದೆ, ಅಗುಳು ಅದೇ ಪಾತ್ರೆಯದಾದರೆ. ಅತಿಥಿಗಳಿಗೆಂದು ಬೇರೆಯ ಒಲೆಯ ಮೇಲೆ ಬೇರೆಯ ಪಾತ್ರೆಯಲ್ಲಿ ಬೇಯಿಸಿದ ಅಗುಳನ್ನು ಹಿಸುಕಿ ಮನೆಯವರ ಅನ್ನದ ಮೇಲೆ ತೀರ್ಪು ಕೊಡುವುದು ಯಾವ ನ್ಯಾಯದಲ್ಲಿಯೂ ಸಲ್ಲದು.

ಮನೆಯವರ ಪಾತ್ರೆಯೆಂದರೆ ಬೀದಿ. ತೆಲೊಕ್ ಆಯರ್ ಎಂಬ ಬೀದಿಯನ್ನು ತೆಗೆದುಕೊಳ್ಳಬಹುದು. ಆ ಹೆಸರಿನಲ್ಲಿಯೇ ಕೊಲ್ಲಿಯೂ ನೀರೂ ಇವೆ. ಒಂದು ಕಾಲದಲ್ಲಿ ಸಮುದ್ರವು ಆ ಬೀದಿಯ ಅಂಚಿಗೇ ಬಂದು ಬಡಿಯುತ್ತಿತ್ತು. ಮುಂದೆ ಮಣ್ಣು ತುಂಬಿ ಕಡಲನ್ನು ದೂರ ತಳ್ಳಿದರು. ಹಡಗಿನಿಂದಿಳಿದವನು ಮೊದಲು ಕಾಲಿಡುತ್ತಿದ್ದುದು ಅಲ್ಲಿ. ಚೀನದ ಹೊಕ್ಕಿಯೆನ್ ಜನರು ದಾಟಿ ಬಂದುದಕ್ಕಾಗಿ ಕಡಲದೇವತೆಯಾದ ಮಾಜುವಿಗೆ ಧೂಪವನ್ನು ಹಚ್ಚಿದರು. 1839ರಿಂದ 1842ರೊಳಗೆ ಅಲ್ಲಿ ತಿಯಾನ್ ಹಾಕ್ ಕೆಂಗ್ ಎಂಬ ದೇವಾಲಯವೆದ್ದಿತು. ಅದೇ ಬೀದಿಯಲ್ಲಿ ತಮಿಳುನಾಡಿನ ಕರಾವಳಿಯಿಂದ ಬಂದ ಮುಸಲ್ಮಾನರು 1828ರಿಂದ 1830ರೊಳಗೆ ನಾಗೂರಿನ ಸಂತನ ಹೆಸರಿನಲ್ಲಿ ದರ್ಗಾವನ್ನು ಕಟ್ಟಿದರು. ಭಯ ಒಂದೇ, ಕಡಲು ಒಂದೇ, ಕೃತಜ್ಞತೆ ಒಂದೇ; ಹೊತ್ತುಕೊಂಡ ಹರಕೆಗಳು ಮಾತ್ರ ಬೇರೆ ಬೇರೆ.

ಅಲ್ಲಿಂದ ಸ್ವಲ್ಪ ದೂರ ನಡೆದರೆ ಸೌತ್ ಬ್ರಿಜ್ ರಸ್ತೆ. 1827ರಲ್ಲಿ ಸ್ಥಾಪಿತವಾದ ಮಾರಿಯಮ್ಮನ ಗುಡಿ ಅಲ್ಲಿದೆ. ಪ್ರತಿವರ್ಷವೂ ದೀಪಾವಳಿಗೆ ಮುಂಚೆ ದ್ರೌಪದಿಯ ಹೆಸರಿನಲ್ಲಿ ಅಲ್ಲಿ ಕೆಂಡ ತುಳಿಯುತ್ತಾರೆ. ಅದರ ಸಮೀಪದಲ್ಲಿಯೇ 1826ರ ಜಾಮೆ ಮಸೀದಿ. ಇವೆರಡೂ ಇರುವುದು ಚೀನೀಯರ ಪೇಟೆಯಲ್ಲಿ! ಪೇಟೆಯ ಬೀದಿಗಳ ಹೆಸರುಗಳನ್ನು ಗಮನಿಸಿದರೆ ಇನ್ನೂ ಸ್ವಾರಸ್ಯ: ಒಂದು ‘ಮಾಸ್ಕ್ ಬೀದಿ’, ಒಂದು ‘ಪಗೋಡ ಬೀದಿ’. ಪಗೋಡವೆಂದರೆ ಚೀನೀಯರ ಗುಡಿಯಲ್ಲ, ನಮ್ಮ ಮಾರಿಯಮ್ಮನ ಗೋಪುರವೇ. ಇದನ್ನು ಯಾವ ಪ್ರವಾಸ ಮಂಡಲಿಯೂ ಯೋಜಿಸಿ ಕಟ್ಟಲಿಲ್ಲ. ಕೂಲಿಗಳು, ಹಡಗಿನವರು, ಸಣ್ಣ ವ್ಯಾಪಾರಿಗಳು ತಮ್ಮ ಹೊಟ್ಟೆಯನ್ನು ಕಟ್ಟಿ ಕಟ್ಟಿದರು. ಯಾತ್ರಾಸಂಸ್ಥೆಯ ಬಸ್ಸು ಈ ರಸ್ತೆಗಳಲ್ಲಿ ಹೋಗದೆ ಇರುವುದಿಲ್ಲ. ಹತ್ತು ನಿಮಿಷ ನಿಲ್ಲಿಸಿ, ಗೋಪುರದ ಮುಂದೆ ಒಂದು ಚಿತ್ರ ತೆಗೆಯಿಸಿ, ಅಂಗಡಿಗಳ ಕಡೆಗೆ ಹೊರಡಿಸುತ್ತದೆ.

ಊಟದ ವಿಷಯದಲ್ಲಿಯೂ ಹೀಗೆಯೇ. ಬೀದಿಯಲ್ಲಿ ಗಾಡಿಯಿಟ್ಟು ಮಾರುತ್ತಿದ್ದವರನ್ನು 1970ರ ಮತ್ತು 1980ರ ದಶಕಗಳಲ್ಲಿ ಸರಕಾರವು ಸೂರಿನಡಿಗೆ ತಂದು, ನೀರು ಚರಂಡಿಗಳ ವ್ಯವಸ್ಥೆ ಮಾಡಿಕೊಟ್ಟಿತು. ಆ ಹಾಕರ್ ಕೇಂದ್ರಗಳು ಈಗ ನೂರಕ್ಕೂ ಹೆಚ್ಚಾಗಿವೆ. 2020ರಲ್ಲಿ ಯುನೆಸ್ಕೋ ಅವುಗಳ ಸಂಸ್ಕೃತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ಅಲ್ಲಿ ಬ್ಯಾಂಕಿನ ಅಧಿಕಾರಿಯೂ ಜಲಗಾರನೂ ಒಂದೇ ಮೇಜಿನಲ್ಲಿ ಕುಳಿತು ಉಣ್ಣುತ್ತಾರೆ. “ನಾವು ಶಾಕಾಹಾರಿಗಳು, ನಮಗೇನು ಅಲ್ಲಿ ಕೆಲಸ?” ಎಂದು ಗೃಹಿಣಿಯರು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ಆದರೆ ಸೆರಂಗೂನ್ ರಸ್ತೆಯ ಬಳಿಯ ಟೆಕ್ಕಾ ಕೇಂದ್ರದಲ್ಲಿ ದೋಸೆಯ ಕಾವಲಿ ಆರುವುದಿಲ್ಲ. ಬೌದ್ಧರ ಶಾಕಾಹಾರದ ಅಂಗಡಿಗಳು ಊರೆಲ್ಲ ಇವೆ. ಹೋಟೆಲಿನ ಕೋಣೆಯಲ್ಲಿ ಕುಳಿತು ಊರಿನಿಂದ ತಂದ ಚಟ್ನಿಪುಡಿಯ ಡಬ್ಬಿಯನ್ನು ತೆರೆಯುವುದು ಪಾಪವಲ್ಲ. ಆ ಡಬ್ಬಿಯ ಮುಂದೆ ಕುಳಿತು ಒಂದು ಜನಾಂಗದ ಮೇಲೆ ತೀರ್ಪು ಬರೆಯಬಾರದು, ಅಷ್ಟೆ.

ಇಷ್ಟರಿಂದ ಸ್ತುತಿಪಕ್ಷದವರು ತಮಗೆ ಜಯವಾಯಿತೆಂದು ತಿಳಿಯಬಾರದು. ಅವರ ತಪ್ಪು ನಿಂದಕರ ತಪ್ಪಿಗಿಂತಲೂ ಅಪಾಯಕರವಾದುದು. ಏಕೆಂದರೆ ನಿಂದಕರು ಬಂದು ಸುಮ್ಮನಾಗುತ್ತಾರೆ, ಸ್ತಾವಕರು ಬಂದು “ಇಲ್ಲಿಯೂ ಹಾಗೆಯೇ ಮಾಡಿ” ಎನ್ನುತ್ತಾರೆ. ನಾಲ್ಕು ರಾಜಭಾಷೆಗಳ ವಿಷಯವನ್ನೇ ನೋಡಬಹುದು. ಮಲಯ, ಮ್ಯಾಂಡರಿನ್, ತಮಿಳು, ಇಂಗ್ಲಿಷ್ ಈ ನಾಲ್ಕಕ್ಕೂ ಅಲ್ಲಿ ಸಮಾನವಾದ ಮಾನ್ಯತೆಯುಂಟು. ರಾಷ್ಟ್ರಗೀತೆಯು ಮಲಯ ಭಾಷೆಯಲ್ಲಿದೆ. 1935ರಲ್ಲಿ ಹುಟ್ಟಿದ ‘ತಮಿಳ್ ಮುರಸು’ ಪತ್ರಿಕೆಯು ಇಂದಿಗೂ ಹೊರಡುತ್ತಿದೆ. ಇದು ಮೆಚ್ಚತಕ್ಕುದೇ. ಆದರೆ ಅಲ್ಲಿಗೆ ಬಂದ ಚೀನೀಯರ ಮನೆಮಾತು ಮ್ಯಾಂಡರಿನ್ ಆಗಿರಲಿಲ್ಲ. ಹೊಕ್ಕಿಯೆನ್, ತಿಯೊಚ್ಯೂ, ಕ್ಯಾಂಟನೀಸ್, ಹಕ್ಕಾ, ಹೈನಾನೀಸ್ ಇವೇ ಅವರ ತಾಯ್ನುಡಿಗಳು. ಇವನ್ನು ‘ಉಪಭಾಷೆ’ಗಳೆಂದು ಕರೆಯುವುದು ರೂಢಿ, ಹೊಕ್ಕಿಯೆನ್ ಬಲ್ಲವನಿಗೆ ಕ್ಯಾಂಟನೀಸ್ ತಿಳಿಯದು. ಕನ್ನಡ, ತೆಲುಗು, ತಮಿಳುಗಳನ್ನು ಯಾವುದೋ ಒಂದರ ಉಪಭಾಷೆಗಳೆಂದು ಕರೆದರೆ ಹೇಗಾದೀತೋ ಹಾಗೆ.

1979ರ ಸೆಪ್ಟೆಂಬರಿನಲ್ಲಿ ಪ್ರಧಾನಮಂತ್ರಿ ಲೀ ಕ್ವಾನ್ ಯೂ ಅವರು ‘ಮ್ಯಾಂಡರಿನ್ ಆಡಿರಿ’ ಎಂಬ ಚಳವಳಿಯನ್ನು ಆರಂಭಿಸಿದರು. ಮಗುವಿನ ತಲೆಗೆ ಇಂಗ್ಲಿಷು, ಮ್ಯಾಂಡರಿನ್ ಎರಡರ ಮೇಲೆ ಮನೆಯ ಮಾತೂ ಹೊರೆಯಾಗುತ್ತದೆ, ಚೀನೀಯರೆಲ್ಲರಿಗೂ ಒಂದು ಸಾಮಾನ್ಯ ನುಡಿ ಬೇಕು ಎಂಬುದು ವಾದ. ವಾದವು ಬುದ್ಧಿಗೆ ಒಪ್ಪುವಂತೆಯೇ ಇದೆ. ಅಂತಹ ವಾದಗಳಿಂದಲೇ ಭಾಷೆಗಳು ಸಾಯುವುದು. 1980ರ ದಶಕದ ಆರಂಭದೊಳಗೆ ರೇಡಿಯೋವಿನಿಂದಲೂ ದೂರದರ್ಶನದಿಂದಲೂ ಆ ನುಡಿಗಳು ಮಾಯವಾಗುತ್ತ ಹೋದುವು. ಕ್ಯಾಂಟನೀಸ್ ನಾಟಕಗಳ ಪಾತ್ರಗಳ ಬಾಯಿಗೆ ಮ್ಯಾಂಡರಿನ್ ದನಿಯನ್ನು ಹೊಂದಿಸಿದರು. 2020ರ ಜನಗಣತಿಯಲ್ಲಿ, ಮನೆಯಲ್ಲಿ ಹೆಚ್ಚಾಗಿ ಆಡುವ ಭಾಷೆ ಇಂಗ್ಲಿಷು ಎಂದವರು ನೂರಕ್ಕೆ 48.3, ಆ ಹಳೆಯ ಚೀನೀ ನುಡಿಗಳೆಲ್ಲವೂ ಸೇರಿ ನೂರಕ್ಕೆ 8.7, ರಾಜಭಾಷೆಯ ಪೀಠವಿದ್ದರೂ ತಮಿಳು ನೂರಕ್ಕೆ 2.5. ಅಜ್ಜಿಗೂ ಮೊಮ್ಮಗಳಿಗೂ ನಡುವೆ ಮಾತೇ ಇಲ್ಲದ ಮನೆಗಳು ಹೀಗೆ ಹುಟ್ಟಿದುವು. “ಅಲ್ಲಿ ಭಾಷೆಯ ಜಗಳವಿಲ್ಲ” ಎಂದು ಹೊಗಳುವವರು, ಜಗಳವಾಡಲು ಬಾಯಿ ಉಳಿದಿದೆಯೇ ಎಂಬುದನ್ನೂ ವಿಚಾರಿಸಬೇಕಾಗಿತ್ತು.

ಆ ಬಾಯಿ ಪೂರ್ತಿಯಾಗಿ ಮುಚ್ಚಿಲ್ಲವೆಂಬುದು ಸಮಾಧಾನದ ಸಂಗತಿ. ಚೀನೀಯರ ಏಳನೆಯ ತಿಂಗಳಲ್ಲಿ ಹಸಿದ ಪ್ರೇತಗಳು ಭೂಮಿಗೆ ಬರುತ್ತವೆಂದು ನಂಬಿಕೆ. ಪಿತೃಪಕ್ಷವನ್ನು ಆಚರಿಸುವವರಿಗೆ ಇದು ಹೊಸದಲ್ಲ. ಆಗ ವಸತಿಗಳ ನಡುವಣ ಬಯಲುಗಳಲ್ಲಿ ‘ಗೆಟಾಯ್’ ಎಂಬ ಹಾಡಿನ ಆಟಗಳು ನಡೆಯುತ್ತವೆ. ಹಾಡುಗಳು ಬಹುಮಟ್ಟಿಗೆ ಹೊಕ್ಕಿಯೆನ್ ನುಡಿಯವು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಯಾರೂ ಕೂರುವುದಿಲ್ಲ. ಅವು ಸತ್ತವರಿಗೆ ಮೀಸಲು. ಸರಕಾರವು ಜೀವಂತರ ಬಾಯಿಂದ ಬಿಡಿಸಿದ ಭಾಷೆಯನ್ನು ಸತ್ತವರಿಗಾಗಿ ಉಳಿಸಿಕೊಂಡ ಜನಕ್ಕೆ ಸಂಸ್ಕೃತಿಯಿಲ್ಲವೆ? ಯಾವ ಶುಲ್ಕವೂ ಇಲ್ಲದ ಆ ಆಟವು ಯಾತ್ರಾಪಟ್ಟಿಯಲ್ಲಿಲ್ಲ.

ನೆನಪನ್ನು ಅಳಿಸುವುದರಲ್ಲಿ ಆ ಸರಕಾರದ ಕೈ ನುರಿತುದು. 1960ರಲ್ಲಿ ತೆರೆದ ಕೆಂಪಿಟ್ಟಿಗೆಯ ರಾಷ್ಟ್ರೀಯ ಗ್ರಂಥಾಲಯವನ್ನು, ಜನರು ಪತ್ರಿಕೆಗಳಿಗೆ ಬರೆದು ಬೇಡಿಕೊಂಡರೂ, ಸುರಂಗರಸ್ತೆಯೊಂದಕ್ಕಾಗಿ 2004ರಲ್ಲಿ ಕೆಡವಿದರು. 2005ರಲ್ಲಿ ಬೇರೆಡೆ ಭವ್ಯವಾದ ಹೊಸ ಗ್ರಂಥಾಲಯವು ಬಂದಿತು, ನಿಜ. ಹಳೆಯದರ ಗುರುತಾಗಿ ದ್ವಾರದ ಎರಡು ಇಟ್ಟಿಗೆಯ ಕಂಬಗಳು ನಿಂತಿವೆ. ಬುಕಿತ್ ಬ್ರೌನ್ ಎಂಬಲ್ಲಿ 1922ರಿಂದ 1973ರವರೆಗೆ ಹೂಳಲ್ಪಟ್ಟ ಚೀನೀಯರ ಸುಮಾರು ಒಂದು ಲಕ್ಷ ಗೋರಿಗಳಿದ್ದುವು. ಅವುಗಳಲ್ಲಿ ನಾಲ್ಕು ಸಾವಿರಕ್ಕೆ ಸಮೀಪವಾದಷ್ಟನ್ನು ಹೆದ್ದಾರಿಗಾಗಿ ಅಗೆದರು. ಆಗ ಸಾಮಾನ್ಯ ಜನರು ಅಲ್ಲಿಗೆ ಹೋಗಿ ಗೋರಿಗಳ ಹೆಸರುಗಳನ್ನು ಬರೆದುಕೊಂಡರು, ಇತರರನ್ನು ಕರೆದುಕೊಂಡು ಹೋಗಿ ತೋರಿಸಿದರು. 1843ರ ಮದ್ದಿಗೆ ಇಂತಹ ಎದುರು ಮಾತಿರಲಿಲ್ಲ. ನೂರೈವತ್ತು ವರ್ಷಗಳಲ್ಲಿ ಆ ಊರು ಗಳಿಸಿದ ಸಂಸ್ಕೃತಿಯೆಂದರೆ ಈ ಎದುರು ಮಾತೇ.

ಅಲ್ಲಿ ನೆಲೆಸಿದ ಕನ್ನಡಿಗರಿಗೂ ಈ ವಿಚಾರವು ದೂರದ್ದಲ್ಲ. ಅವರಿಗೊಂದು ಕನ್ನಡ ಸಂಘವುಂಟು. ಆದರೆ ಅಲ್ಲಿನ ಶಾಲೆಗಳಲ್ಲಿ ಭಾರತೀಯ ಮಕ್ಕಳು ತಾಯ್ನುಡಿಯ ಸ್ಥಾನದಲ್ಲಿ ಓದಬಹುದಾದುವು ತಮಿಳು, ಮತ್ತು ಅದರ ಜೊತೆಗೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು. ಕನ್ನಡವು ಆ ಪಟ್ಟಿಯಲ್ಲಿಲ್ಲ. ಕನ್ನಡದ ಮನೆಯ ಮಗುವು ‘ತಾಯ್ನುಡಿ’ ಎಂಬ ತಲೆಬರಹದ ಕೆಳಗೆ ಪರನುಡಿಯನ್ನು ಬರೆಯಬೇಕು. ಆ ನಗರವನ್ನು ಹೊಗಳುವ ತಂದೆತಾಯಿಗಳು ಹೊಕ್ಕಿಯೆನ್ ಅಜ್ಜಿಯ ದುಃಖವನ್ನು ತಿಳಿಯಲು ಬಹುದೂರ ಹೋಗಬೇಕಾಗಿಲ್ಲ.

ಕಡೆಯ ಆಕ್ಷೇಪವು ಕಾಲದ್ದು. “ನಾಲ್ಕೇ ದಿನ, ಮಕ್ಕಳು ಉಯ್ಯಾಲೆ ಬೇಕೆನ್ನುತ್ತವೆ, ಎಲ್ಲಿಯ ಶಾಸನ, ಎಲ್ಲಿಯ ಗೋರಿ?” ಮಕ್ಕಳಿಗೆ ಉಯ್ಯಾಲೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಮದುವೆಯಲ್ಲಿ ಪುರೋಹಿತರು ವಧುವಿಗೆ ಮೊದಲು ದೊಡ್ಡ ನಕ್ಷತ್ರವೊಂದನ್ನು ತೋರಿಸಿ, ಕಣ್ಣು ಅಲ್ಲಿ ನಿಂತ ಮೇಲೆ ಅದರ ಬಳಿಯ ಸೂಕ್ಷ್ಮವಾದ ಅರುಂಧತಿಯನ್ನು ತೋರಿಸುತ್ತಾರೆ. ಮೀನುಸಿಂಹವು ಆ ದೊಡ್ಡ ನಕ್ಷತ್ರವಾಗಲಿ. ಅದರ ಮುಂದೆ ಚಿತ್ರ ತೆಗೆಯಿಸಿಕೊಂಡವರು ಅರ್ಧ ಗಂಟೆ ನಡೆದರೆ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ಮುಟ್ಟುತ್ತಾರೆ. ದಾರಿಯಲ್ಲಿ 1835ರ ಆರ್ಮೇನಿಯನ್ನರ ಇಗರ್ಜಿಯೂ ಸಿಕ್ಕುತ್ತದೆ. ಸಂಗ್ರಹಾಲಯದ ಹಿಂದಿನ ಗುಡ್ಡವನ್ನು ಮಲಯರು ‘ನಿಷಿದ್ಧಗಿರಿ’ ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು, ಹಿಂದಿನ ರಾಜರು ಅಲ್ಲಿದ್ದರೆಂಬ ನೆನಪಿನಿಂದ. 1920ರ ದಶಕದಲ್ಲಿ ಕೂಲಿಗಳು ಆ ಗುಡ್ಡವನ್ನಗೆಯುತ್ತಿರುವಾಗ ಹದಿನಾಲ್ಕನೆಯ ಶತಮಾನದ ಚಿನ್ನದ ಒಡವೆಗಳು ಸಿಕ್ಕಿದುವು. ಅವುಗಳಲ್ಲೊಂದು ತೋಳಬಂದಿಯು ಶಾಸನದ ಚೂರಿನಂತೆಯೇ ಸಂಗ್ರಹಾಲಯಕ್ಕೆ ಸೇರಿದುದು. ಅದರ ನಡುವೆ ಒಂದು ಮುಖವಿದೆ: ಉಬ್ಬಿದ ಕಣ್ಣು, ತೆರೆದ ಬಾಯಿ, ಹಲ್ಲು. ಜಾವಾದವರು ಅದನ್ನು ‘ಕಾಲ’ ಎನ್ನುತ್ತಾರೆ. ಹಳೇಬೀಡಿನ ಗುಡಿಯನ್ನು ಕಂಡ ಯಾವ ಮಗುವಾದರೂ ಅದನ್ನು ಸಿಂಹಮುಖವೆಂದೇ ಗುರುತಿಸುತ್ತದೆ.